ಕಬ್ಬಿಣದ ಭಿಕ್ಷೆ

ಇವತ್ತು ನಾನು ಮಾತಾಡಬೇಕೆಂದಿರುವುದು ಹೆವಿ ಮೆಟಲ್ ಸಂಗೀತದ ಬಗ್ಗೆ. ಅದರಲ್ಲೂ ಒಂದು ಮೆಟಲ್ ತಂಡ ಸ್ಟುಡಿಯೋದಲ್ಲಿ ಕೂತು ತನ್ನ ಆಲ್ಬಂ ಅನ್ನು ಹೇಗೆ ಕಟ್ಟುತ್ತದೆ, ಕಟ್ಟಿದ್ದನ್ನು ಜನರ ಮುಂದೆ ಹೇಗೆ ಇಡುತ್ತದೆ ಎನ್ನುವುದರ ಬಗ್ಗೆ. ವೀಣೆಯ ಊರು, ಕೃತಿ ಕೀರ್ತನೆಗಳ ಊರು ಮೈಸೂರಿನ ಆಕಾಶವಾಣಿಯಲ್ಲಿ ಈ ವಿಷಯ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ಮೈಸೂರಿನಲ್ಲೇ ಆಡಬೇಕಾದ ಮಾತು. ಕಾರಣ ಮುಂದೆ ತಾನಾಗಿ ಬರುತ್ತದೆ.

ಈ ಸಂಗೀತದ ಮೇಲಿರುವ ದೊಡ್ಡ ದೂರು ಒಂದೇ: ಬರೀ ಗದ್ದಲ. ಜೋರು ಹೌದು, ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಆ ಜೋರಿನ ಒಳಗೆ ಎಷ್ಟು ಲೆಕ್ಕ ಇದೆ, ಎಷ್ಟು ತಾಳ್ಮೆ ಇದೆ ಎನ್ನುವುದು ಮಾತ್ರ ಹೊರಗಿನಿಂದ ಕಾಣುವುದಿಲ್ಲ. ಧ್ವನಿಮುದ್ರಣದ ಕೋಣೆಯಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕೂತವರಿಗೆ ಅದು ಕಾಣುತ್ತದೆ.

ಮೊದಲು ಈ ಸಂಗೀತ ಹುಟ್ಟಿದ ಊರಿಗೆ ಹೋಗಿ ಬರೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ, ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಹುಡುಗ ಎಡಚ, ಗಿಟಾರಿನ ತಂತಿ ಒತ್ತುತ್ತಿದ್ದದ್ದೇ ಆ ಬಲಗೈ ಬೆರಳುಗಳು. ಬೇರೆಯವರಾಗಿದ್ದರೆ ಗಿಟಾರನ್ನು ಮೂಲೆಗಿಡುತ್ತಿದ್ದರು. ಅವನು ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳ ತುದಿಗೆ ಕೂರುವ ಟೊಪ್ಪಿಗೆಗಳನ್ನು ತಾನೇ ಮಾಡಿಕೊಂಡ. ಗಟ್ಟಿ ತಂತಿ ಒತ್ತಿದರೆ ನೋವು, ಹಾಗಾಗಿ ತೆಳು ತಂತಿ ಹಾಕಿಕೊಂಡ. ಮುಂದೆ ಶ್ರುತಿಯನ್ನೇ ಕೆಳಗಿಳಿಸಿ ತಂತಿಯ ಬಿಗಿ ಸಡಿಲಿಸಿದ. ಇವತ್ತು ಜಗತ್ತಿನ ಮೂಲೆಮೂಲೆಯ ಮೆಟಲ್ ತಂಡಗಳಲ್ಲಿ ಕೇಳುವ ಆ ಭಾರವಾದ, ನೆಲದಿಂದ ಎದ್ದು ಬಂದ ಹಾಗಿರುವ ನಾದದ ಬೇರುಗಳಲ್ಲಿ ಒಂದು ಈ ಗಾಯದಲ್ಲಿದೆ.

ಅವನ ತಂಡ ಬ್ಲ್ಯಾಕ್ ಸಬತ್. ಅವರ ಮೊದಲ ಆಲ್ಬಂ 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಣವಾಯಿತು. 1970ರ ಫೆಬ್ರವರಿ 13ರಂದು ಹೊರಬಂತು. ಈಗ ಇದರ ಪಕ್ಕದಲ್ಲಿ ಅಮೆರಿಕದ ಮೆಟಾಲಿಕಾ ತಂಡವನ್ನಿಡಿ. 1991ರ ಆಗಸ್ಟಿನಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಅವರ ಆಲ್ಬಂಗೆ ನಿರ್ಮಾಪಕ ಬಾಬ್ ರಾಕ್ ಜತೆ ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಎಂಟು ತಿಂಗಳಿನಷ್ಟು ಹಿಡಿಯಿತು. ಒಂದು ಕಡೆ ಒಂದು ದಿನ, ಇನ್ನೊಂದು ಕಡೆ ಎಂಟು ತಿಂಗಳು. ಎರಡೂ ಈ ಸಂಗೀತದ ಮೈಲಿಗಲ್ಲುಗಳೇ. ಹಾಗೆಂದು ಬ್ಲ್ಯಾಕ್ ಸಬತ್‌ನವರದು ಸುಲಭದ ಕೆಲಸವಾಗಿತ್ತು ಅಂದುಕೊಳ್ಳಬಾರದು. ಆ ಒಂದು ದಿನಕ್ಕೆ ಮುಂಚೆ ಅವರು ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಒಂದೇ ರಾತ್ರಿ ಹಲವು ಸುತ್ತು ನುಡಿಸಿ ನುಡಿಸಿ ಕೈಯನ್ನು ಪಳಗಿಸಿಕೊಂಡಿದ್ದರು. ಸ್ಟುಡಿಯೋ ದಿನ ಒಂದೇ ಆದರೂ ಸಾಧನೆಯ ದಿನಗಳು ಬೇಕಾದಷ್ಟಿದ್ದವು. ನನಗೆ ಆ ಆಲ್ಬಂ ಇವತ್ತಿಗೂ ಹೆಚ್ಚು ಪ್ರಿಯ. ಅದರಲ್ಲಿ ನಾಲ್ಕು ಜನ ಒಂದೇ ಕೋಣೆಯಲ್ಲಿ ನಿಂತು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿರುವುದು ಗೊತ್ತಾಗುತ್ತದೆ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಅದೇ ನಾಲ್ವರು ಕೊನೆಯ ಬಾರಿ ಒಟ್ಟಿಗೆ ನುಡಿಸಿದರು. ಗಾಯಕ ಆಜಿ ಆಸ್ಬೋರ್ನ್ ಅದೇ ತಿಂಗಳು 22ಕ್ಕೆ ತೀರಿಕೊಂಡರು.

ಇನ್ನು ನಮ್ಮ ನಾಡಿನ ಕತೆ. ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ಮೂರು ದಶಕಕ್ಕೂ ಮೀರಿದ ಚರಿತ್ರೆ ಇದೆ. ಎಂಬತ್ತರ ದಶಕದ ಕೊನೆಯಲ್ಲೇ ಮಿಲೆನಿಯಂ ಎಂಬ ತಂಡ ಅಲ್ಲಿ ನುಡಿಸುತ್ತಿತ್ತು. ತೊಂಬತ್ತರ ದಶಕದ ಹುಡುಗರು ಒಂದು ಕ್ಯಾಸೆಟ್ಟು ಕೈಗೆ ಸಿಕ್ಕಿದರೆ ಅದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಪ್ರತಿ ಮಾಡಿಕೊಂಡು, ಕೊನೆಗೆ ಹಾಡಿಗಿಂತ ಹೆಚ್ಚು ಸುಯ್ಯೆನ್ನುವ ಸದ್ದೇ ಉಳಿದ ಪ್ರತಿಯಿಂದ ರಿಫ್‌ಗಳನ್ನು ಕಲಿತವರು. ರಿಫ್ ಅಂದರೆ ಹಾಡಿನ ಉದ್ದಕ್ಕೂ ಮತ್ತೆ ಮತ್ತೆ ಬರುವ ಗಿಟಾರಿನ ಒಂದು ಪಲುಕು. ಮೆಟಲ್ ಹಾಡಿನ ಬೆನ್ನುಮೂಳೆ ಅದೇ. ರಾಷ್ಟ್ರೀಯ ಕಾನೂನು ಶಾಲೆಯ ಸ್ಟ್ರಾಬೆರಿ ಫೀಲ್ಡ್ಸ್‌ನಂತಹ ಕಾಲೇಜು ಉತ್ಸವಗಳ ಸ್ಪರ್ಧೆಗಳೇ ಆಗ ಇವರ ವೇದಿಕೆ.

ಆ ನೆಲದಿಂದ ಎದ್ದ ತಂಡಗಳಲ್ಲಿ ಬಹಳ ದೂರ ನಡೆದದ್ದು ಕ್ರಿಪ್ಟಾಸ್. 1998ರಲ್ಲಿ ಶುರು. ಗಿಟಾರ್ ವಾದಕ ನೋಲನ್ ಲೂಯಿಸ್ ಆಗಿನಿಂದ ಈಗಿನವರೆಗೂ ಇದ್ದಾರೆ, ಈಗ ಹಾಡುವವರೂ ಅವರೇ. ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್' ಹೊರಬರಲು ಆರು ವರ್ಷ ಬೇಕಾಯಿತು. ಅದು ಬಂದದ್ದು 2004ರಲ್ಲಿ. ಆಮೇಲೆ 2008ರಲ್ಲಿ 'ದಿ ಆರ್ಕ್ ಆಫ್ ಜೆಮಿನಿ', 2012ರಲ್ಲಿ 'ದಿ ಕಾಯಿಲ್ಸ್ ಆಫ್ ಅಪೋಲಿಯಾನ್'. 2016ರ 'ಬರ್ನ್ ಅಪ್ ದಿ ನೈಟ್' ಹೊತ್ತಿಗೆ ಜರ್ಮನಿಯ ಎಎಫ್ಎಂ ರೆಕಾರ್ಡ್ಸ್ ಎಂಬ ಕಂಪನಿ ಇವರ ಕೈ ಹಿಡಿದಿತ್ತು. 2019ರಲ್ಲಿ 'ಆಫ್ಟರ್‌ಬರ್ನರ್', ಕೊರೊನಾದ ನಡುವೆ 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್'. ಇಪ್ಪತ್ತು ವರ್ಷದಲ್ಲಿ ಏಳು ಆಲ್ಬಂ. ನಡುವೆ ವಾದಕರು ಬಂದರು, ಹೋದರು, ಕೆಲವರು ಮರಳಿ ಬಂದರು. ಸಿನಿಮಾ ಹಾಡಿನ ಆಸರೆ ಇಲ್ಲದೆ, ಟಿವಿಯ ಬೆಂಬಲ ಇಲ್ಲದೆ, ಇಷ್ಟು ಕಾಲ ಒಂದೇ ಶೈಲಿಯನ್ನು ನಂಬಿ ನಡೆಯುವುದಕ್ಕೆ ಬೇಕಾದ ನಿಷ್ಠೆಯನ್ನು ನಾನು ಸಾಧಕ ಸಂಗೀತಗಾರರ ನಿಷ್ಠೆಗಿಂತ ಕಡಿಮೆ ಎಂದು ಎಣಿಸುವುದಿಲ್ಲ.

2005ರಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆದ ಬೆಂಗಳೂರಿನ ಅರಮನೆ ಮೈದಾನ ನಿಮಗೆ ನೆನಪಿರಬಹುದು. ಎರಡು ವರ್ಷದ ನಂತರ, 2007ರ ಮಾರ್ಚ್ 17ರಂದು, ಅದೇ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ನುಡಿಸಿತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂತು. ಆ ದಿನಗಳಲ್ಲಿ ಮೈಸೂರಿನಿಂದ ಬೆಳಗಿನ ರೈಲು ಹತ್ತಿದ ಹುಡುಗ ಹುಡುಗಿಯರು ಎಷ್ಟೋ ಜನ. ಕಪ್ಪು ಟೀ ಶರ್ಟ್ ಹಾಕಿಕೊಂಡು ಹೋದರು, ಧೂಳು ಮೆತ್ತಿಕೊಂಡು ಬಂದರು, ಬಂದವರಲ್ಲಿ ಕೆಲವರು ಗಿಟಾರ್ ಕೊಂಡರು. ಕೇಳುಗರು ತಂಡವಾಗುವುದು ಹೀಗೆಯೇ.

2013ರಲ್ಲಿ ಕ್ರಿಪ್ಟಾಸ್ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ವಾಕನ್ ಅಂದರೆ ಉತ್ತರ ಜರ್ಮನಿಯ ಒಂದು ಹಳ್ಳಿ. ಅಲ್ಲಿ ವಾಸ ಇರುವವರು ಹೆಚ್ಚುಕಡಿಮೆ ಎರಡು ಸಾವಿರ. 1990ರಲ್ಲಿ ಸಣ್ಣದಾಗಿ ಶುರುವಾದ ಉತ್ಸವಕ್ಕೆ ಈಗ ಬೇಸಿಗೆಯಲ್ಲಿ ಎಪ್ಪತ್ತೆಂಬತ್ತು ಸಾವಿರ ಜನ ಸೇರುತ್ತಾರೆ. ಹಸು ಮೇಯುವ ಹೊಲಗಳೇ ಮೈದಾನ, ಊರಿನವರೇ ಆತಿಥೇಯರು. ಒಂದು ಹಳ್ಳಿ ಜಗತ್ತಿನ ಅತಿ ಜೋರಿನ ಸಂಗೀತವನ್ನು ತನ್ನ ಜಾತ್ರೆ ಎಂದು ಒಪ್ಪಿಕೊಂಡಿತಲ್ಲ, ಆ ಒಪ್ಪಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಾನು ವಾಸ ಇರುವುದು ಮಂಡಕಳ್ಳಿಯಲ್ಲಿ. ನಂಜನಗೂಡು ರಸ್ತೆ, ಮೈಸೂರಿನ ವಿಮಾನ ನಿಲ್ದಾಣ ಇರುವ ಜಾಗ. ಅದೂ ಹಳ್ಳಿಯೇ, ನಗರ ಈಗ ಬಂದು ಮುಟ್ಟಿದೆ. ರನ್‌ವೇ ಗಿಡ್ಡ, ಆದ್ದರಿಂದ ಇಳಿಯುವುದು ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ವಿಮಾನಗಳು. ನಮ್ಮ ಬೀದಿಯ ಕೊನೆಯ ಮನೆಯ ಹಿತ್ತಲಲ್ಲಿ, ಒಂದು ಕಾಲಕ್ಕೆ ದನ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ, ನಾಲ್ಕು ಹುಡುಗರು ತಮ್ಮ ಮೊದಲ ಆಲ್ಬಂ ಮಾಡುತ್ತಿದ್ದಾರೆ. ಒಬ್ಬ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಒಬ್ಬ ಇನ್ನೂ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇನ್ನಿಬ್ಬರು ಕಂಪ್ಯೂಟರ್ ಕೆಲಸದವರು. ಕೇಳಲು ಬರಲೇ ಎಂದು ಕೇಳಿದಾಗ, "ಬನ್ನಿ ಸಾರ್, ಆದ್ರೆ ಚಪ್ಪಲಿ ಸದ್ದು ಮಾಡ್ಬಾರ್ದು" ಅಂದರು. ಆಮೇಲೆ ಬಿಡುವಾದಾಗೆಲ್ಲ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರುತ್ತೇನೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಹಗುರ ವಸ್ತುವಿನಿಂದ ಸದ್ದು ನಿಲ್ಲುವುದಿಲ್ಲ, ತೂಕ ಬೇಕು. ಇವರು ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ನಿಲ್ಲಿಸಿ, ಮೇಲೆ ಕುರಿ ಉಣ್ಣೆಯ ಕಂಬಳಿ ಇಳಿಬಿಟ್ಟಿದ್ದಾರೆ. ಒಳಗೆ ಮಾತಾಡಿದರೆ ಮಾತು ಬಾಯಿಂದ ಹೊರಟು ಅಲ್ಲೇ ನಿಂತ ಹಾಗೆ ಕೇಳುತ್ತದೆ, ಅಷ್ಟು ಒಣ.

ಡ್ರಮ್ಸ್ ಮಾತ್ರ ಇಲ್ಲಿ ಮುದ್ರಿಸಲು ಆಗುವುದಿಲ್ಲ. ಅದಕ್ಕೆ ಎತ್ತರದ ಕೋಣೆ ಬೇಕು, ಹತ್ತಾರು ಮೈಕು ಬೇಕು: ಕಾಲಿನ ದೊಡ್ಡ ಡ್ರಮ್ಮಿಗೊಂದು, ಸ್ನೇರಿನ ಮೇಲೊಂದು ಕೆಳಗೊಂದು, ಟಾಮ್‌ಗಳಿಗೆ ಒಂದೊಂದು, ತಾಳದ ತಟ್ಟೆಗಳ ಮೇಲೆ ಜೋಡಿ, ಕೋಣೆಯ ಗುಂಗಿಗೆ ಬೇರೆ. ಒಂದೇ ಪೆಟ್ಟು ಎರಡು ಮೈಕುಗಳನ್ನು ಸ್ವಲ್ಪ ಹಿಂದುಮುಂದಾಗಿ ಮುಟ್ಟಿದರೆ ಎರಡೂ ಸೇರಿದಾಗ ನಾದ ಗಟ್ಟಿಯಾಗುವ ಬದಲು ಟೊಳ್ಳಾಗುತ್ತದೆ. ಆದ್ದರಿಂದ ಬೆರಳಳತೆಯ ದೂರವನ್ನೂ ಲೆಕ್ಕ ಹಾಕಬೇಕು. ಅದಕ್ಕಾಗಿ ಹುಡುಗರು ಬೆಂಗಳೂರಿನಲ್ಲಿ ಸ್ಟುಡಿಯೋ ಬಾಡಿಗೆಗೆ ಹಿಡಿದಿದ್ದರು. ಬಾಡಿಗೆ ಗಂಟೆಯ ಲೆಕ್ಕ. ತಪ್ಪಿದರೆ ದುಡ್ಡು ಹೋಗುತ್ತದೆ, ಹಾಗಾಗಿ ಹೋಗುವ ಮುಂಚೆ ಇಲ್ಲೇ ತಿಂಗಳುಗಟ್ಟಲೆ ಅಭ್ಯಾಸ.

ಆ ಅಭ್ಯಾಸವನ್ನು ನಾನು ನೋಡಿದ್ದೇನೆ. ಡ್ರಮ್ಸ್ ಹುಡುಗನ ಕಿವಿಯಲ್ಲಿ ಕ್ಲಿಕ್, ಅಂದರೆ ಎಂದೂ ತಪ್ಪದ ಒಂದು ತಾಳದ ಸದ್ದು. ನಿಮಿಷಕ್ಕೆ 180 ಎಣಿಕೆ. ಒಂದೊಂದು ಎಣಿಕೆಗೆ ನಾಲ್ಕು ಪೆಟ್ಟು, ನಮ್ಮ ಮೃದಂಗದವರ ಮಾತಿನಲ್ಲಿ ಚತುರಶ್ರ ನಡೆ. ಲೆಕ್ಕ ಹಾಕಿ: ಸೆಕೆಂಡಿಗೆ ಹನ್ನೆರಡು ಪೆಟ್ಟು. ಅದನ್ನು ಎರಡು ಕಾಲಿನಲ್ಲಿ, ಜೋಡಿ ಪೆಡಲಿನ ಮೇಲೆ, ಎಡಕ್ಕಾರು ಬಲಕ್ಕಾರು ಹಂಚಿಕೊಂಡು ಬಾರಿಸಬೇಕು. ಕೈಗಳು ಆ ಹೊತ್ತಿನಲ್ಲಿ ಬೇರೆಯದೇ ಕೆಲಸದಲ್ಲಿರುತ್ತವೆ. ಎಡಗಾಲು ಬಲಗಾಲಿಗಿಂತ ಸೋಮಾರಿ. ಅದನ್ನು ಬಲಗಾಲಿನ ಸಮಕ್ಕೆ ತರಲು ಆ ಹುಡುಗ ನಿಧಾನ ಕಾಲಪ್ರಮಾಣದಿಂದ ಶುರು ಮಾಡಿ, ವಾರಕ್ಕೆ ನಾಲ್ಕೈದು ಎಣಿಕೆಯಂತೆ ಏರಿಸುತ್ತಾ ಬಂದ. ಗುರುಕುಲದಲ್ಲಿ ಪಾಠಾಕ್ಷರ ಬಾರಿಸಿದವರಿಗೆ ಈ ದಾರಿ ಹೊಸದಲ್ಲ.

ಗಿಟಾರಿನ ಕೆಲಸ ಇನ್ನೂ ಸೂಕ್ಷ್ಮ. ಮೆಟಲ್ ಆಲ್ಬಂನಲ್ಲಿ ಗೋಡೆಯ ಹಾಗೆ ಎದ್ದು ನಿಲ್ಲುವ ಗಿಟಾರ್ ಕೇಳುತ್ತದಲ್ಲ, ಅದು ಒಂದು ಗಿಟಾರನ್ನು ಜೋರು ಮಾಡಿದ್ದಲ್ಲ. ಒಂದೇ ರಿಫ್ಫನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡುತ್ತಾರೆ. ಮೊದಲನೆಯದನ್ನೇ ನಕಲು ಮಾಡಿ ಇಟ್ಟರೆ ಆಗುವುದಿಲ್ಲ, ನಾದ ನಡುವೆ ಬಂದು ಕುಗ್ಗಿ ಕೂರುತ್ತದೆ. ಮನುಷ್ಯನ ಕೈ ಎರಡನೇ ಸಲ ನುಡಿಸುವಾಗ ಆಗುವ ಕೂದಲೆಳೆಯ ವ್ಯತ್ಯಾಸವೇ ಆ ಅಗಲವನ್ನು ಕೊಡುವುದು. ವ್ಯತ್ಯಾಸ ಕೂದಲೆಳೆಗಿಂತ ಹೆಚ್ಚಾದರೆ ಎಲ್ಲವೂ ಕಲಸಿಹೋಗುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಎರಡು ಒನಕೆ ಹಾಕಿ ಭತ್ತ ಕುಟ್ಟುವುದನ್ನು ನೋಡಿದವರಿಗೆ ಈ ಜೋಡಿಯ ಬಿಗಿ ಅರ್ಥವಾಗುತ್ತದೆ. ಇದರ ಜತೆಗೆ ಶ್ರುತಿಯ ಕಾಟ. ಕೆಳಗಿಳಿಸಿದ ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಆ ಕ್ಷಣ ಸ್ವರ ತುಸು ಮೇಲಕ್ಕೆ ಜಿಗಿಯುತ್ತದೆ. ಆದ್ದರಿಂದ ಪ್ರತಿ ಟೇಕಿಗೂ ಮುಂಚೆ ಶ್ರುತಿ ನೋಡಬೇಕು, ಮೀಟುವ ಬಲವನ್ನೂ ಶ್ರುತಿಯ ಭಾಗ ಎಂದೇ ಎಣಿಸಬೇಕು. ಇನ್ನೊಂದು ಮಾತು. ಮೀಟುವುದಕ್ಕಿಂತ ನಿಲ್ಲಿಸುವುದು ಕಷ್ಟ. ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ತಾಗಿಸಿ, ಸರಿಯಾದ ಕ್ಷಣಕ್ಕೆ ನಾದವನ್ನು ಕತ್ತರಿಸಬೇಕು. ಪೆಟ್ಟು ಮತ್ತು ಪೆಟ್ಟಿನ ನಡುವೆ ನಿಶ್ಶಬ್ದ ಎಷ್ಟು ಶುಚಿಯೋ ರಿಫ್ ಅಷ್ಟು ಭಾರ.

ಒಂದು ಸಂಜೆಯ ಮಾತು ಹೇಳುತ್ತೇನೆ. ಬಲಗಡೆಯ ಗಿಟಾರ್ ಮುದ್ರಣ ನಡೆದಿತ್ತು. ಹಾಡಿನ ನಡುವೆ ಒಂದು ತಿರುವಿನಲ್ಲಿ ಏನೋ ಜಾರುತ್ತಿತ್ತು. ನನಗೆ ಕೇಳಿಸಲಿಲ್ಲ, ಕಂಪ್ಯೂಟರಿನ ಮುಂದೆ ಕೂತವನಿಗೆ ಕೇಳಿಸಿತು. "ಸರ್ಯಾಗೈತೆ ಕಣೋ, ಆದ್ರೆ ಎಡಗಡೇದು ನಿಂತ್ಮೇಲೆ ನೀನು ನಿಲ್ತಾ ಇದೀಯ" ಅಂದ. ನುಡಿಸುತ್ತಿದ್ದವನು ವಾದ ಮಾಡಲಿಲ್ಲ. "ಇನ್ನೊಂದ್ ಸಲ ತಗೊಳ್ಳಣ" ಅಂದು ಬೆರಳು ಒರೆಸಿಕೊಂಡ. ಆಗಲೇ ಅಡುಗೆಮನೆಯ ಕಿಟಕಿಯಿಂದ ತಾಯಿಯ ದನಿ: "ಮಿಕ್ಸಿ ಹಾಕ್ಲೇನ್ರಪ್ಪಾ?" "ಒಂದೈದ್ ನಿಮಿಷ ತಡಿಯಮ್ಮ." ಆಕೆ ತಡೆದರು. ಆಮೇಲೆ ಇಳಿಯುವ ವಿಮಾನದ ಸದ್ದು ಬಂತು, ಅದಕ್ಕೆ ಎಲ್ಲರೂ ತಡೆದರು. ಗಿಟಾರಿನ ಮುದ್ರಣಕ್ಕೆ ಆ ಸದ್ದು ತೊಂದರೆಯಿಲ್ಲ, ಗಿಟಾರಿನಿಂದ ತಂತಿ ನೇರ ಕಂಪ್ಯೂಟರಿಗೆ ಹೋಗುತ್ತದೆ; ಕೂದಲೆಳೆಯ ವ್ಯತ್ಯಾಸ ಕೇಳಬೇಕಾದ ಕಿವಿಗಳಿಗೆ ಅಡ್ಡಿ, ಅಷ್ಟೇ. ಹಾಡುವವನ ಮೈಕಿಗಂತೂ ವಿಮಾನ ಬಂದರೆ ಕೆಲಸ ಕೆಟ್ಟಂತೆ. ಅದಕ್ಕೇ ಕಂಬಳಿಯ ಪಕ್ಕದಲ್ಲಿ ವಿಮಾನದ ವೇಳೆಗಳನ್ನು ಬರೆದು ಪಿನ್ನು ಚುಚ್ಚಿದ್ದಾರೆ. ನಿಮ್ಮ ಮನೆಯ ಹುಡುಗರು ಗಿಟಾರ್ ಹಿಡಿದಿದ್ದರೆ ಅವರ ಆಲ್ಬಂನಲ್ಲಿ, ಮಿಕ್ಸಿ ತಡೆದ ತಾಯಂದಿರ ಪಾಲೂ ಇರುತ್ತದೆ ಎಂದು ದಯವಿಟ್ಟು ತಿಳಿಯಿರಿ.

ಮುದ್ರಣ ಮುಗಿದ ಮೇಲೆ ಮಿಕ್ಸಿಂಗ್. ಹತ್ತಾರು ಪದರಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ನಿರ್ಧರಿಸುವ ಕೆಲಸ. ಬೇಸ್ ಗಿಟಾರ್ ಮತ್ತು ಕಾಲಿನ ಡ್ರಮ್ ಎರಡೂ ಒಂದೇ ಕೆಳಸ್ಥಾಯಿಯಲ್ಲಿ ಜಾಗಕ್ಕೆ ಕಾದಾಡುತ್ತವೆ. ಒಂದಕ್ಕೆ ಜಾಗ ಬಿಟ್ಟು ಇನ್ನೊಂದನ್ನು ಸರಿಸಬೇಕು. ಕೊನೆಯದು ಮಾಸ್ಟರಿಂಗ್: ಇಡೀ ಆಲ್ಬಂನ ಹಾಡುಗಳನ್ನು ಒಂದೇ ಹದಕ್ಕೆ ತರುವುದು. ಇಲ್ಲೊಂದು ದೊಡ್ಡ ಪ್ರಲೋಭನೆ ಕಾದಿರುತ್ತದೆ. ಪಕ್ಕದವರ ಆಲ್ಬಂಗಿಂತ ನಮ್ಮದು ಜೋರಾಗಿ ಕೇಳಬೇಕು ಎಂದು ಸಣ್ಣ ಸದ್ದನ್ನೂ ದೊಡ್ಡ ಸದ್ದನ್ನೂ ಒಂದೇ ಎತ್ತರಕ್ಕೆ ಒತ್ತಿಬಿಡುವುದು. 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ಸಿಟ್ಟಾದರು. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಆಟದಲ್ಲಿ ಅಷ್ಟು ಒತ್ತಿಸಿಕೊಳ್ಳದೆ ಬಂದಿದ್ದವು. ಆಟದಲ್ಲಿರುವುದೇ ಚೆನ್ನಾಗಿದೆ ಎಂದು ಜನ ಹೇಳಿದರು. ಜೋರಿಗೇ ಹೆಸರಾದ ಸಂಗೀತದಲ್ಲಿ ಕೇಳುಗರು ಎದ್ದು ನಿಂತು, ಇಷ್ಟು ಜೋರು ಬೇಡ, ಏರಿಳಿತ ಬೇಕು ಎಂದರು. ಗದ್ದಲವಷ್ಟೇ ಬೇಕಾಗಿದ್ದವರು ಹೀಗೆ ಕೇಳುತ್ತಿರಲಿಲ್ಲ.

ಈಗ ಮೈಸೂರಿಗೆ ಬರುತ್ತೇನೆ. ನಾದ ದೊಡ್ಡದಾಗಬೇಕು ಎಂಬ ಹಂಬಲ ನಮ್ಮ ಊರಿಗೆ ಹೊರಗಿನಿಂದ ಬಂದದ್ದಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಪಿಟೀಲು ಚೌಡಯ್ಯನವರು, ಮೈಕಿಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳುವುದಿಲ್ಲವಲ್ಲ ಎಂದು ಕೊರಗಿ, ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಹೂಡಿದರು. ಅವರನ್ನೂ ಆಕ್ಷೇಪಿಸಿದವರಿದ್ದರು. ತೊಂಬತ್ತರ ದಶಕದಿಂದೀಚೆಗೆ ಮೆಟಲ್ ಗಿಟಾರಿನವರೂ ಆರು ತಂತಿಯ ಜತೆಗೆ ಏಳನೆಯದನ್ನು ಸೇರಿಸಿಕೊಂಡಿದ್ದಾರೆ. ಚೌಡಯ್ಯನವರಿಗೆ ಬೇಕಾದದ್ದು ದೂರ ಮುಟ್ಟುವ ನಾದ, ಇವರಿಗೆ ಬೇಕಾದದ್ದು ಇನ್ನೂ ಕೆಳಗಿನ ಸ್ಥಾಯಿ. ದಾರಿ ಬೇರೆ, ಚಡಪಡಿಕೆ ಒಂದೇ.

ಧ್ವನಿಮುದ್ರಣವೂ ಅಷ್ಟೇ. ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ವಾಗ್ಗೇಯಕಾರರು ಎಂದು ನಮಗೆ ಗೊತ್ತು. ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಜನ ಮರೆತಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಉಳಿಯಬೇಕೆಂದು, 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಕಂಪನಿಯಲ್ಲಿ ಸ್ವತಃ ಮೆಟ್ನರ್ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರೂ ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು, ಮುದ್ರಣಗಳು ಉಳಿದವು. ತನ್ನದಲ್ಲದ ಸಂಗೀತ, ಬಹುಪಾಲು ಪ್ರಜೆಗಳು ಕೇಳದ ಸಂಗೀತ. ಆದರೂ ಸ್ಟುಡಿಯೋದಲ್ಲಿ ದಾಖಲಾಗಬೇಕು ಎಂದು ಈ ಊರಿನ ದೊರೆ ಯೋಚಿಸಿದರು. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ ಊರೂ ಇದೇ. ಹೊಸ ನಾದಕ್ಕೆ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡುವ ರೂಢಿ ನಮಗೆ ಹೊಸತಲ್ಲ. ಈ ಮಾತನ್ನು ಮೈಸೂರಿನಲ್ಲೇ ಆಡಬೇಕು ಎಂದೆನಲ್ಲ, ಅದಕ್ಕೆ ಒಂದು ಕಾರಣ ಇದು.

ಇನ್ನೊಂದು ಕಾರಣ ಕನ್ನಡ. ಬೆಂಗಳೂರಿನ ಮೆಟಲ್ ತಂಡಗಳ ಸಾಹಿತ್ಯ ಬಹುಮಟ್ಟಿಗೆ ಇಂಗ್ಲಿಷಿನದು. ಕ್ರಿಪ್ಟಾಸ್ ಕೂಡ ಇಂಗ್ಲಿಷಿನಲ್ಲೇ ಹಾಡುತ್ತದೆ. ಅದನ್ನು ನಾನು ದೂರುವುದಿಲ್ಲ. ಯಾವ ನುಡಿಯಲ್ಲಿ ಕೇಳಿ ಕಲಿತರೋ ಆ ನುಡಿಯಲ್ಲಿ ಹಾಡಿದರು. ಆದರೆ ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದವನ್ನು ರಾಕ್ ವಾದ್ಯಗಳ ನಡುವೆ ತಂದು ನಿಲ್ಲಿಸಿದಾಗ, ಕನ್ನಡ ಅಲ್ಲಿ ಚೂರೂ ಪರಕೀಯವಾಗಿ ಕೇಳಲಿಲ್ಲ. ಅವರದು ಜಾನಪದ ರಾಕ್, ಮೆಟಲ್ ಅಲ್ಲ. ಮೆಟಲ್ಲಿಗೆ ಇನ್ನೂ ಕಡುವಾದ ವಸ್ತು ಬೇಕು.

ಆ ವಸ್ತು ನಮ್ಮ ಬಾಗಿಲಲ್ಲೇ ಇದೆ. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವುದನ್ನು ಮೈಸೂರು, ಚಾಮರಾಜನಗರ, ಮಂಡ್ಯದ ಕಡೆಯವರು ಕೇಳಿಯೇ ಇರುತ್ತೀರಿ. ಅದು ಸಾಲುಗಳಾಗಿ ಹರಿಯುವ ದೊಡ್ಡ ಕತೆ. ಅದರಲ್ಲಿ ಮಂಟೇಸ್ವಾಮಿ ತನ್ನ ಶಿಶುಮಗ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಲು ಕಳಿಸುತ್ತಾನೆ. ಕುಲುಮೆಯವರು ಕೊಡುವುದಿಲ್ಲ. ಹಂಗಿಸುತ್ತಾರೆ, ಹಿಂಸಿಸುತ್ತಾರೆ, ವಿಷ ಇಕ್ಕುತ್ತಾರೆ. ಅವನು ಎಲ್ಲವನ್ನೂ ಗೆದ್ದು ಕಬ್ಬಿಣ ಪಡೆಯುತ್ತಾನೆ, ಮುಂದೆ ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ. ಬೆಂಕಿ, ಕುಲುಮೆ, ಸುತ್ತಿಗೆ, ಭಿಕ್ಷಾಪಾತ್ರೆ, ಒಬ್ಬಂಟಿ ಭಿಕ್ಷುಕನ ಹಟ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ಹುಟ್ಟಿದ ಸಂಗೀತಕ್ಕೆ ಇದಕ್ಕಿಂತ ಹೊಂದುವ ಕತೆಯನ್ನು ಯಾವ ದೇಶದಿಂದ ತರಬೇಕು?

ಮಂಡಕಳ್ಳಿಯ ಹುಡುಗರ ಆಲ್ಬಂ ಈ ಕತೆಯದೇ. ಎಂಟು ಹಾಡು, ಎಂಟೂ ಕನ್ನಡದಲ್ಲಿ. ಸಾಹಿತ್ಯ ಕಾವ್ಯದ ಸಾಲನ್ನು ಎತ್ತಿಕೊಂಡದ್ದಲ್ಲ, ತಾವೇ ಕಟ್ಟಿದ್ದು. ಅದಕ್ಕೆ ಮೊದಲು ಒಬ್ಬ ಹಿರಿಯ ನೀಲಗಾರರ ಹತ್ತಿರ ಹೋಗಿ, ಹೀಗೆ ಮಾಡುತ್ತಿದ್ದೇವೆ ಎಂದು ತಿಳಿಸಿ, ಕೂತು ಕೇಳಿ ಬಂದರು. ಅದು ನನಗೆ ಬಹಳ ಸರಿ ಕಂಡಿತು. ದನಿ ಮೆಟಲ್ಲಿನ ಗಡಸು ದನಿಯೇ, ಗಂಟಲು ಹರಿದ ಹಾಗೆ ಕೇಳುವುದು. ನಿಜವಾಗಿ ಗಂಟಲು ಹರಿದರೆ ಎರಡನೇ ಹಾಡಿಗೇ ಹಾಡುವವನು ಕೂತುಬಿಡುತ್ತಾನೆ; ಉಸಿರನ್ನು ಹೊಟ್ಟೆಯಿಂದ ಕೊಟ್ಟು, ಕಂಠವನ್ನು ಬಿಗಿಯದೆ ಆ ಗಡಸನ್ನು ತರಬೇಕು. ಒತ್ತಕ್ಷರ ಬಂದಾಗಲೆಲ್ಲ ರಿಫ್ ಮತ್ತು ಮಾತು ಒಂದೇ ಜಾಗದಲ್ಲಿ ಬೀಳುವ ಹಾಗೆ ಕಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಹಾಡುವಾಗ ಸಿಗದ ಒಂದು ಪೆಟ್ಟು ಅಲ್ಲಿ ಸಿಗುತ್ತದೆ.

ಎಂಟು ಹಾಡೇ ಯಾಕೆ ಎಂದು ಕೇಳಿದೆ. ಹಳೆಯ ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಚೆನ್ನಾಗಿ ಹಿಡಿಯುತ್ತಿದ್ದದ್ದು ಇಪ್ಪತ್ತು ಇಪ್ಪತ್ತೆರಡು ನಿಮಿಷ. ಎರಡು ಮಗ್ಗುಲಿಗೆ ನಲವತ್ತು ಚಿಲ್ಲರೆ. ಆ ಅಳತೆ ಹೋದರೂ ಅಳತೆಯಿಂದ ಹುಟ್ಟಿದ ಹದ ಉಳಿದಿದೆ. ಕ್ರಿಪ್ಟಾಸ್‌ನ 'ಆಫ್ಟರ್‌ಬರ್ನರ್', 'ಫೋರ್ಸ್ ಆಫ್ ಡೇಂಜರ್' ಎರಡರಲ್ಲೂ ಎಂಟೆಂಟು ಹಾಡು. ಈಗ ಫೋನಿನಲ್ಲಿ ಒಂದು ಹಾಡು ಕೇಳಿ, ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಹಾರುವ ಕಾಲ. ಆದರೂ ಮೆಟಲ್ ತಂಡಗಳು ಇಡೀ ಆಲ್ಬಂ ಮಾಡುವುದನ್ನು ಬಿಟ್ಟಿಲ್ಲ, ಅದರ ಕೇಳುಗರೂ ಕೂತು ಇಡಿಯಾಗಿ ಕೇಳುವುದನ್ನು ಬಿಟ್ಟಿಲ್ಲ. ಮೊದಲ ಹಾಡು ವೇಗದ್ದು, ನಡುವೆ ಒಂದು ನಿಧಾನದ್ದು, ಕೊನೆಗೆ ಉದ್ದನೆಯದು. ಕಚೇರಿಯಲ್ಲಿ ವರ್ಣದಿಂದ ಶುರುವಾಗಿ ರಾಗ ತಾನ ಪಲ್ಲವಿಗೆ ಏರಿ ಮಂಗಳಕ್ಕೆ ಇಳಿಯುವ ಕ್ರಮ ಗೊತ್ತಿರುವ ನಾವು ಈ ಕ್ರಮವನ್ನು ಬೇಗ ಹಿಡಿಯಬಲ್ಲೆವು. ಕಚೇರಿಯ ನಡುವೆ ಎದ್ದು ಹೋಗದ ಸಭ್ಯತೆಯನ್ನು ಇವರ ಆಲ್ಬಂಗೂ ತೋರಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಬಿಡುಗಡೆಯ ಕೆಲಸ ಬೇರೆಯೇ ಒಂದು ಲೋಕ. 2015ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಂಗಳು ಶುಕ್ರವಾರವೇ ಬರುತ್ತವೆ. ಅದಕ್ಕೆ ವಾರಗಳ ಮುಂಚೆ ಒಂದು ಹಾಡನ್ನು ಬಿಟ್ಟು ಕೇಳುಗರ ಕಿವಿ ಸೆಳೆಯಬೇಕು. ಮುಖಪುಟ ಬೇಕು, ಮೆಟಲ್ ಆಲ್ಬಂಗಳ ಮುಖಪುಟ ಇವತ್ತಿಗೂ ಬಹಳಷ್ಟು ಕೈಯಿಂದ ಬರೆದ ಚಿತ್ರವೇ. ನಮ್ಮ ಹುಡುಗರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಬರೆದುಕೊಡುತ್ತಿದ್ದಾಳೆ: ಕುಲುಮೆಯ ಮುಂದೆ ಬೆನ್ನು ತಿರುಗಿಸಿ ನಿಂತ ಸಿದ್ದಪ್ಪಾಜಿ, ಕೈಯಲ್ಲಿ ಕಪ್ಪರ. ದುಡ್ಡು ಹಾಡಿನಿಂದ ಬರುವುದಿಲ್ಲ, ಟೀ ಶರ್ಟಿನಿಂದ ಬಂದರೆ ಬಂತು. ಅದು ಇವರಿಗೂ ಗೊತ್ತು, ಯೂರೋಪಿನ ತಂಡಗಳಿಗೂ ಗೊತ್ತು.

ಅವರಿಗೆ ಇನ್ನೂ ಸಿಗದೆ ಇರುವುದು ನುಡಿಸಲು ಒಂದು ಜಾಗ. ಆಲ್ಬಂ ಬಿಡುಗಡೆ ಅಂದರೆ ಊರ ಜನರ ಎದುರು ಅದನ್ನು ಇಡಿಯಾಗಿ ನುಡಿಸಬೇಕು. ಬೆಂಗಳೂರಿನಲ್ಲಿ ಅದಕ್ಕೆ ಜಾಗಗಳಿವೆ, 2012ರಿಂದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವವೇ ಇದೆ. ಇವರಿಗೆ ಮೊದಲ ಸಲ ಮೈಸೂರಿನಲ್ಲೇ ನುಡಿಸುವ ಆಸೆ. ಯುವ ದಸರಾ 2024ರಲ್ಲಿ ಮಹಾರಾಜ ಕಾಲೇಜು ಮೈದಾನ ಬಿಟ್ಟು ಉತ್ತನಹಳ್ಳಿಯ ಬಯಲಿಗೆ ಹೋಯಿತು. ಅಲ್ಲಿ ಇಳಯರಾಜ, ಎ.ಆರ್. ರೆಹಮಾನ್ ಹಾಡಿದರು, ಸಂತೋಷ. ಅಂತಹ ದೊಡ್ಡವರು ವೇದಿಕೆಗೆ ಬರುವ ಮುಂಚಿನ ಸಂಜೆಯ ಹೊತ್ತಿನಲ್ಲಿ, ಜನ ಬಂದು ಕೂರುತ್ತಿರುವಾಗ, ಮೈಸೂರು, ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಹುಡುಗ ಹುಡುಗಿಯರ ತಂಡಗಳಿಗೆ ತಮ್ಮದೇ ಹಾಡು ನುಡಿಸಲು ನಲವತ್ತು ನಿಮಿಷ ಮೀಸಲಿಡಿ ಎಂದು ದಸರಾ ಸಮಿತಿಯವರನ್ನು ಈ ಬಾನುಲಿಯ ಮೂಲಕ ಕೇಳುತ್ತಿದ್ದೇನೆ. ಕಾಲೇಜುಗಳ ಪ್ರಾಂಶುಪಾಲರನ್ನೂ ಕೇಳುತ್ತಿದ್ದೇನೆ: ಸಂಜೆ ಐದರ ಮೇಲೆ ಬೀಗ ಬೀಳುವ ಸಭಾಂಗಣಗಳು ನಿಮ್ಮಲ್ಲಿವೆ, ವಾರಕ್ಕೊಂದು ಸಂಜೆ ತೆರೆದುಕೊಡಿ. ಸ್ಪೀಕರನ್ನು ಅವರೇ ಹೊತ್ತು ತರುತ್ತಾರೆ.